ಬಕಜಂಘನ ಕೊಳಕ್ಕೆ ಗಾಳ ಹಾಕಿದ ಸಿಂಗ್ರಿ

ಬಹಳ ಹಿಂದಿನ ಮಾತು. ಬೆಟ್ಟಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದ ಕಾಲ. ಆಗ ತೊರೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಹೊಳೆದಂಡೆಯ ಬೆಸ್ತರ ಕೇರಿಯಲ್ಲಿ ಸಿಂಗ್ರಿ ಎಂಬ ಯುವಕನಿದ್ದ. ತಂದೆತಾಯಿ ಇಲ್ಲದ ಅವನನ್ನು ಅಕ್ಕ ಸಾಕವ್ವನೇ ಸೊಂಟದ ಮೇಲೆ ಹೊತ್ತು, ಉಣ್ಣಿಸಿ, ಗಾಳ ಹಾಕುವುದನ್ನು ಕಲಿಸಿ ದೊಡ್ಡವನನ್ನಾಗಿ ಮಾಡಿದ್ದಳು.

ಆ ಕೇರಿಯವರಿಗೆ ಒಂದು ನೇಮವಿತ್ತು. ಯಾವ ನೀರಿಗೆ ಗಾಳ ಹಾಕಿದರೂ ಮೊದಲು ಸಿಕ್ಕಿದ ಮೀನು ಗಂಗವ್ವನದು. ಅದು ಬೆರಳುದ್ದದ್ದಾಗಲಿ, ಆಳುದ್ದದ್ದಾಗಲಿ, ಹಣೆಗೆ ಮುಟ್ಟಿಸಿಕೊಂಡು "ಅವ್ವಾ, ನಿನ್ನದು ನಿನಗೆ" ಎಂದು ನೀರಿಗೆ ಬಿಡಬೇಕು. ಆಮೇಲೆ ಸಿಕ್ಕಿದ್ದು ಮನೆಯ ಮಡಕೆಗೆ.

ಒಂದು ವರ್ಷ ತೊರೆನಾಡಿನ ಹೊಳೆಗಳಲ್ಲಿ ಮೀನೇ ಇಲ್ಲವಾಯಿತು. ಕೇರಿಯ ಗಂಡಸರು, ಹೆಂಗಸರು ಗಾಳದ ಕೋಲು ಹೆಗಲಿಗಿಟ್ಟುಕೊಂಡು ದೂರದ ನೀರು ಹುಡುಕಿ ಹೊರಟರು. ಬಡಗಣ ದಿಕ್ಕಿಗೆ ಹೋದವರು ಮಾತ್ರ ತಿರುಗಿ ಬರಲಿಲ್ಲ. ಅರಸನು ಆ ದಾರಿಗೆ ಯಾರೂ ಹೋಗಕೂಡದೆಂದು ಡಂಗುರ ಸಾರಿಸಿದ. ಆದರೆ ಡಂಗುರ ಕೇರಿಗೆ ಬರುವ ಹೊತ್ತಿಗೆ ಸಾಕವ್ವ ಹೋಗಿಯಾಗಿತ್ತು.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಮಿಂಚುಳ್ಳಿಯೊಂದು ಸಿಂಗ್ರಿಯ ಮನೆಯ ಸೂರಿನ ಮೇಲೆ ಬಂದು ಕೂತು ಮಾತಾಡಿತು.

"ಸಿಂಗ್ರಿ, ನಿಮ್ಮಕ್ಕ ಸತ್ತಿಲ್ಲ. ಬಕಜಂಘ ಅನ್ನೋ ಮಾಯಾವಿಯ ಕೊಳದಲ್ಲಿ ಮೀನಾಗಿದ್ದಾಳೆ. ಕಾರ್ತಿಕದ ಕೊನೇ ದಿನ ಹೊತ್ತು ಮುಳುಗಿತು ಅಂದರೆ, ತಾನು ಮನುಷ್ಯಳಾಗಿದ್ದೆ ಅನ್ನೋದನ್ನೇ ಮರೆತುಬಿಡ್ತಾಳೆ. ಆಮೇಲೆ ನೀನು ಕರೆದರೂ ಬರೋದಿಲ್ಲ."

ಸಿಂಗ್ರಿ ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟಿದ. ಎರಡು ಕೋಲು, ಬೀಸುಬಲೆ, ನೀರಲ್ಲಿ ಹೂತಿಟ್ಟು ಮೀನು ಸಿಕ್ಕಿಸುವ ಬಿದಿರಿನ ಕೂಳಿ, ಬುಟ್ಟಿ ತುಂಬ ಎರೆಹುಳು. ಪಕ್ಕದ ಮನೆಯಲ್ಲಿ ಬಲೆ ಹೆಣೆಯುತ್ತಿದ್ದ ಗೌರಜ್ಜಿ ಎದ್ದು ಬಂದು ಮೂಟೆ ನೋಡಿದಳು. ಅಕ್ಕನನ್ನು ಕರೆತರೋದಕ್ಕೆ ಹೋಗ್ತಿದ್ದೀಯೋ, ಸಂತೆಯಲ್ಲಿ ಅಂಗಡಿ ಇಡೋದಕ್ಕೋ ಎಂದು ಕೇಳಿದಳು. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದಾಗಿ ತೆಗೆದು ಹೊರಗಿಟ್ಟಳು. ಕೂಳಿ ಒಂದೇ ಕಡೆ ಕೂರುವವರಿಗೆ, ನಡೆಯುವವರಿಗಲ್ಲ ಎಂದಳು. ಎರೆಹುಳು ದಾರಿಯಲ್ಲೇ ಸತ್ತು ನಾರುತ್ತದೆ, ಮೇಲಾಗಿ ಆ ನೀರಿನ ಮೀನಿಗೆ ಈ ಮಣ್ಣಿನ ಹುಳುವಿನ ಪರಿಚಯವಿಲ್ಲ ಎಂದಳು. ಬಲೆಯನ್ನಾದರೂ ಬಿಡು ಅಜ್ಜಿ ಎಂದು ಸಿಂಗ್ರಿ ಅಂಗಲಾಚಿದ.

"ಬಲೆ ಬೇಡ ಮಗ. ಬಲೆ ಯಾರನ್ನೂ ಗುರುತು ಹಿಡಿಯೋದಿಲ್ಲ. ನೀನು ಹುಡುಕ್ತಿರೋದು ಒಬ್ಬಳನ್ನ."

ಕಡೆಗೆ ಉಳಿದದ್ದು ಇಷ್ಟು: ಒಂದು ಬಿದಿರು ಕೋಲು, ಸಣ್ಣ ನೂಲು, ದಪ್ಪ ನೂಲು, ಕೆಲವು ಗಾಳ, ನೂಲಿಗೆ ಕಟ್ಟಿ ತೇಲಿಬಿಡುವ ಒಂದು ಬೆಂಡು, ಬುತ್ತಿಗೆ ರಾಗಿ ಹಿಟ್ಟು, ಬೇಯಿಸಿಕೊಳ್ಳಲು ಕುಡಿಕೆ. ಎರೆಯನ್ನು ಆಯಾ ನೀರಿನ ದಂಡೆಯಲ್ಲೇ ಹುಡುಕಬೇಕು, ಗಾಳ ಬಿಚ್ಚುವ ಮೊದಲು ಕೂತು ನೀರನ್ನು ನೋಡಬೇಕು ಎಂದು ಹೇಳಿ ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟಳು.

ನಡೆದ, ನಡೆದ. ಬಡಗಣ ದಾರಿಯಲ್ಲಿ ಮೊದಲು ಸಿಕ್ಕಿದ್ದು ಗಾಜಿನ ಹೊಳೆ. ನೀರು ಎಷ್ಟು ತಿಳಿಯೆಂದರೆ ತಳದ ಮರಳು ಕಾಳುಕಾಳಾಗಿ ಕಾಣುತ್ತಿತ್ತು. ಸೆಳವು ಎಷ್ಟು ಬಿರುಸೆಂದರೆ ಆನೆ ಕಾಲಿಟ್ಟರೂ ಕೊಚ್ಚಿಕೊಂಡು ಹೋಗುತ್ತಿತ್ತು. ದಡದಲ್ಲಿ ಒಕ್ಕುವ ಕಣದಷ್ಟು ಅಗಲದ ಆಮೆಯೊಂದು ಮಲಗಿತ್ತು. ದಾಟಿಸಬೇಕಾದರೆ ಒಂದು ಮೀನು ಕೊಡು ಎಂದಿತು. ಹೊತ್ತು ನೆತ್ತಿಗೆ ಬಂದರೆ ಮುಳುಗಿಬಿಡುತ್ತೇನೆ, ಮತ್ತೆ ಏಳುವುದು ಮಾರ್ಗಶಿರಕ್ಕೇ ಎಂದೂ ಹೇಳಿತು.

ಸಿಂಗ್ರಿ ಅವಸರದಲ್ಲಿ ದಪ್ಪ ನೂಲು ಕಟ್ಟಿ ಎಸೆದ. ಮೀನುಗಳು ಬಂದವು, ನೂಲನ್ನು ನೋಡಿದವು, ತಿರುಗಿ ಹೋದವು. ಅವನಿಗೆ ಅಜ್ಜಿಯ ಮಾತು ನೆನಪಾಗಿ ಕೂತು ನೋಡಿದ. ದಂಡೆಯ ಹುಲ್ಲಿನಿಂದ ಮಿಡತೆಗಳು ನೀರಿಗೆ ಬೀಳುತ್ತಿದ್ದವು. ಬಿದ್ದದ್ದನ್ನು ಮೀನು ಬಾಯಿಹಾಕಿ ಎತ್ತಿಕೊಳ್ಳುತ್ತಿತ್ತು. ಸಣ್ಣ ನೂಲಿಗೆ ಸಣ್ಣ ಗಾಳ ಕಟ್ಟಿ, ಮಿಡತೆ ಸಿಕ್ಕಿಸಿ, ಮೇಲುನೀರಿನಲ್ಲಿ ತೇಲಿಬಿಟ್ಟ. ಗಬಕ್ಕನೆ ಮೀನು ಹಿಡಿಯಿತು.

ಆಮೆ ಬಾಯಿ ತೆರೆಯಿತು. ಸಿಂಗ್ರಿ ಮೀನನ್ನು ಹಣೆಗೆ ಮುಟ್ಟಿಸಿಕೊಂಡು, "ಅವ್ವಾ, ನಿನ್ನದು ನಿನಗೆ" ಎಂದು ನೀರಿಗೆ ಬಿಟ್ಟ.

"ತಲೆ ಕೆಟ್ಟಿದೆಯೇನೋ ನಿನಗೆ?" ಎಂದಿತು ಆಮೆ.

"ಅದು ನನ್ನದಲ್ಲ ಆಮೆಯಜ್ಜ. ನನ್ನದು ಇನ್ನು ಬರಬೇಕು."

ಆಮೆ ಸಿಟ್ಟಾಗಿ ಮುಳುಗತೊಡಗಿತು. ಸಿಂಗ್ರಿ ಇನ್ನೊಂದು ಮಿಡತೆ ಸಿಕ್ಕಿಸಿ ಮತ್ತೆ ತೇಲಿಬಿಟ್ಟ. ಕಾಲು ಮುಳುಗಿತು, ಚಿಪ್ಪು ಮುಳುಗಿತು. ಸಿಂಗ್ರಿಯ ನೆರಳು ಅವನ ಕಾಲಡಿಗೆ ಬಂದು ಸೇರಿತು. ಆಮೆಯ ಮೂಗೊಂದೇ ಮೇಲಿದ್ದಾಗ ನೂಲು ಜಗ್ಗಿತು. ಎರಡನೆಯ ಮೀನನ್ನು ಆ ಮೂಗಿನ ಮುಂದೆಯೇ ಹಿಡಿದ. ಆಮೆ ಗೊಣಗುತ್ತ ಮೇಲೆದ್ದು ಅವನನ್ನು ದಾಟಿಸಿತು.

ನಡೆದ, ನಡೆದ. ಎರಡನೆಯದಾಗಿ ಸಿಕ್ಕಿದ್ದು ಕಾಡಿಗೆ ಕೆರೆ. ನೀರು ಕಾಡಿಗೆಯಂತೆ ಕಪ್ಪು. ಮುಳುಗಿಸಿದ ಕೈ ಕಾಣುತ್ತಿರಲಿಲ್ಲ. ದಾಟುವುದಕ್ಕೆ ಇರುವುದೊಂದೇ ಏರಿ. ಏರಿಯ ಮೇಲೆ ಎತ್ತಿನಷ್ಟು ಎತ್ತರದ ಹುಲಿ. ಅದಕ್ಕೆ ಮನುಷ್ಯರ ಕಣ್ಣು. ಈ ನೀರಿನಲ್ಲಿ ತನಗೆ ಮೀನು ಕಾಣುವುದಿಲ್ಲ, ಹಸಿದು ಬಹಳ ಕಾಲವಾಯಿತು, ಮೀನು ತಿನ್ನಿಸಿದರೆ ದಾರಿ, ಇಲ್ಲದಿದ್ದರೆ ನೀನೇ ಊಟ ಎಂದಿತು.

ಸಿಂಗ್ರಿ ಕೂತು ನೋಡಿದ. ತನಗೆ ಕಾಣದ್ದು ಮೀನಿಗೂ ಕಾಣದು. ಇಲ್ಲಿನ ಮೀನು ವಾಸನೆ ಹಿಡಿದೇ ಬದುಕಬೇಕು ಎಂದುಕೊಂಡ. ಕೆಸರು ಕೆದಕಿ ಏಡಿ ಹಿಡಿದು, ಕಲ್ಲಿನಿಂದ ಜಜ್ಜಿ, ದಪ್ಪ ನೂಲಿನ ದೊಡ್ಡ ಗಾಳಕ್ಕೆ ಚುಚ್ಚಿ ತಳಕ್ಕೆ ಇಳಿಸಿದ. ಬೆಂಡು ಒಮ್ಮೆ ಅಲುಗಿ ಸರ್ರನೆ ಒಳಗೆ ಹೋಯಿತು. ಕೋಲು ಬಿಲ್ಲಿನಂತೆ ಬಾಗಿತು. ಎಳೆದೂ ಎಳೆದೂ ಕರುವಿನಷ್ಟು ದೊಡ್ಡ ಬಾಳೆಮೀನೊಂದನ್ನು ದಂಡೆಗೆ ತಂದ. ಹುಲಿಯ ಜೊಲ್ಲು ಅವನ ಬೆನ್ನ ಮೇಲೆ ಬೀಳುತ್ತಿತ್ತು.

ಸಿಂಗ್ರಿ ಬಗ್ಗಿ ಮೀನಿಗೆ ಹಣೆ ಮುಟ್ಟಿಸಿದ. "ಅವ್ವಾ, ನಿನ್ನದು ನಿನಗೆ" ಎಂದು ಎರಡು ಕೈಯಿಂದ ನೀರಿಗೆ ತಳ್ಳಿದ.

ಹುಲಿ ಅವನ ಹೆಗಲ ಮೇಲೆ ಪಂಜವಿಟ್ಟಿತು. ಉಗುರು ಇಳಿಯಿತು. ರಕ್ತ ತೋಳಿನ ಗುಂಟ ಹರಿಯಿತು.

"ತಿನ್ನೋದಾದರೆ ತಿನ್ನು ಹುಲಿಯಣ್ಣ. ಆದರೆ ನನ್ನನ್ನು ತಿಂದರೆ ನಿನಗೆ ಒಂದು ಹೊತ್ತಿನ ಊಟ. ಹೀಗೆ ಕಾಲು ಬಡಿಯದೆ ಸುಮ್ಮನೆ ಕೂತರೆ ಹೊಟ್ಟೆ ತುಂಬ ಮೀನು. ನಿನ್ನ ಸದ್ದಿಗೆ ಅವು ಹತ್ತಿರ ಬರ್ತಿಲ್ಲ."

ಹುಲಿ ಯೋಚಿಸಿತು. ಪಂಜ ತೆಗೆಯದೆಯೇ ಕೂತಿತು. ಸಿಂಗ್ರಿ ಉಸಿರು ಬಿಗಿಹಿಡಿದು ಮತ್ತೆ ಗಾಳ ಇಳಿಸಿದ. ಮೀನು ಬಂತು, ಇನ್ನೊಂದು ಬಂತು, ಮತ್ತೊಂದು ಬಂತು. ಹುಲಿ ಬಾಲದವರೆಗೂ ತಿಂದು, ಬಾಯಿ ನೆಕ್ಕಿಕೊಂಡು, ಏರಿಯಿಂದ ಇಳಿದು ದಾರಿ ಬಿಟ್ಟಿತು.

ನಡೆದ, ನಡೆದ. ಕಾರ್ತಿಕದ ಕೊನೆಯ ದಿನ, ಹೊತ್ತು ಪಡುವಣಕ್ಕೆ ವಾಲುತ್ತಿದ್ದಾಗ ಬಕಜಂಘನ ಕೊಳ ಕಂಡಿತು. ನೀರಿನ ಮೇಲೆ ಒಂದು ಸುಕ್ಕಿಲ್ಲ, ಒಂದು ಹುಳುವಿಲ್ಲ. ದಡದಲ್ಲಿ ಮಾಯಾವಿ ಒಂಟಿಕಾಲಲ್ಲಿ ನಿಂತಿದ್ದ. ತಾಳೆಮರದಷ್ಟು ಎತ್ತರ, ಕೊಕ್ಕರೆಯಂಥ ಕಾಲು, ಮೊಣಕಾಲಿನವರೆಗೆ ಇಳಿದ ಬಿಳಿ ಗಡ್ಡ. ಅವನ ಹಿಂದೆ ಒಂದು ಚಾವಡಿ. ಚಾವಡಿಯ ತುಂಬ ಚಿನ್ನದ ಗಾಳ, ರೇಷ್ಮೆ ನೂಲು, ದಂತದ ಕೋಲು, ರತ್ನ ಕೆತ್ತಿ ಮಾಡಿದ ಹುಸಿಮೀನು. ಆ ಹುಸಿಮೀನುಗಳು ಗಾಳಿಯಲ್ಲೇ ಬಾಲ ಅಲ್ಲಾಡಿಸುತ್ತಿದ್ದವು.

"ದೂರದಿಂದ ಬಂದಿದ್ದೀಯಪ್ಪ, ಬೇಕಾದ್ದು ಆರಿಸಿಕೋ" ಎಂದು ಬಕಜಂಘ ನಯವಾಗಿ ನುಡಿದ. ಒಂದೇ ಸಲ ಗಾಳ ಎಸೆಯಬಹುದು, ಬಂದ ಮೀನನ್ನು ಮನೆಗೆ ಒಯ್ಯಬಹುದು, ಇದೇ ಇಲ್ಲಿಯ ಕಟ್ಟಳೆ ಎಂದ.

ಸಿಂಗ್ರಿ ಚಾವಡಿಗೆ ಕಾಲಿಡಲಿಲ್ಲ. ದಡದಲ್ಲಿ ಕೂತು ನೀರು ನೋಡಿದ. ಇಲ್ಲಿರುವವರು ಮೀನಲ್ಲ, ಮನುಷ್ಯರು. ಮುಳ್ಳಿನ ಗಾಳ ಹಾಕಿದರೆ ಬಾಯಿ ಹರಿಯುವುದು ಯಾರದು? ಗಾಳದ ಒಳಮುಳ್ಳನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ. ಎರೆಗೆ ಏನು? ಮನುಷ್ಯರಿಗೆ ಹಸಿವಾದರೆ ಮಿಡತೆ ಬೇಡ, ಏಡಿಯೂ ಬೇಡ. ಮೂರು ಕಲ್ಲಿಟ್ಟು, ಬೆಂಕಿ ಮಾಡಿ, ಕುಡಿಕೆಯಲ್ಲಿ ಎಸರಿಟ್ಟು ರಾಗಿ ಮುದ್ದೆ ತಿರುವಿದ. ಅವಸರದಲ್ಲಿ ಕೈ ಸುಟ್ಟಿತು. ಮುದ್ದೆಯ ಘಮ ನೀರಿನ ಮೇಲೆ ಹರಡಿತು.

ಕೊಳ ಕದಡಿತು. ಸಾವಿರಾರು ಮೀನು ದಡಕ್ಕೆ ನುಗ್ಗಿ, ಬಾಯಿ ತೆರೆದು ನಿಂತವು. ಬಕಜಂಘನ ನಗು ಮಾಯವಾಯಿತು. ಸಿಂಗ್ರಿ ಮುದ್ದೆಯ ಚೂರನ್ನು ಉಂಡೆ ಮಾಡಿ ಗಾಳಕ್ಕೆ ಹಾಕಿ, ಅಕ್ಕನನ್ನು ನೆನೆದು, ಎಸೆದ. ನೂಲು ಬಿಗಿಯಿತು. ಮೆಲ್ಲಗೆ ಎಳೆದ. ಬಂದದ್ದು ಒಂದು ಗೆಂಡೆಮೀನು. ಅದರ ಹಣೆಯ ಮೇಲೆ ಹಸಿರು ಹಚ್ಚೆ. ಸಾಕವ್ವನ ಹಣೆಯಲ್ಲಿದ್ದ ಹಚ್ಚೆ.

ಅಕ್ಕ ಸಿಕ್ಕಿದಳು. ಆದರೆ ಈ ನೀರಿನಲ್ಲಿ ಸಿಕ್ಕ ಮೊದಲ ಮೀನು ಅವಳೇ.

ಬಕಜಂಘ ಒಂದು ಹೆಜ್ಜೆ ಹತ್ತಿರ ಬಂದ. "ಏನು ನೋಡ್ತೀಯ? ಕುಡಿಕೆಗೆ ಹಾಕಿಕೊಂಡು ಓಡು. ನಿಮ್ಮ ಹೊಳೆಗೆ ಬಿಟ್ಟರೆ ಅಕ್ಕ ಅಕ್ಕನಾಗ್ತಾಳೆ. ನಿಮ್ಮ ನೇಮ ನಿಮ್ಮೂರಿಗೆ. ಇಲ್ಲಿ ಯಾವ ಗಂಗವ್ವನೂ ಇಲ್ಲ."

ಹೊತ್ತು ಬೆಟ್ಟದ ನೆತ್ತಿಯನ್ನು ಮುಟ್ಟಿತು. ಸಿಂಗ್ರಿ ಮುದ್ದೆಯನ್ನು ಕಲ್ಲಿನ ಮೇಲೆ ತೆಗೆದಿಟ್ಟು ಕುಡಿಕೆಗೆ ನೀರು ತುಂಬಿಕೊಂಡ. ಮೀನನ್ನು ಅದರ ಬಾಯಿಯವರೆಗೂ ತಂದ. ಮೀನು ಅವನ ಸುಟ್ಟ ಅಂಗೈಯಲ್ಲಿ ಹೊರಳಿ ಹೊರಳಿ ಕೊಳದ ಕಡೆಗೇ ತಲೆ ತಿರುಗಿಸುತ್ತಿತ್ತು. ಉಸಿರಿಗೋ, ಬೇರೆ ಯಾವುದಕ್ಕೋ, ಅವನಿಗೆ ತಿಳಿಯಲಿಲ್ಲ. ಬಿಟ್ಟರೆ ಇನ್ನೊಂದು ಎಸೆತವಿಲ್ಲ. ಇಟ್ಟುಕೊಂಡರೆ, ಹಣೆಗೆ ಮೀನು ಮುಟ್ಟಿಸಿಕೊಳ್ಳಲು ಕಲಿಸಿದ ಅಕ್ಕನ ಮುಖವನ್ನು ಹೇಗೆ ನೋಡುವುದು?

"ಇದೂ ನೀರೇ ಅಲ್ಲವಾ," ಎಂದ ಸಿಂಗ್ರಿ. "ನೀರಿದ್ದ ಮೇಲೆ ಗಂಗವ್ವ ಇದ್ದಾಳೆ."

ಮೀನನ್ನು ಹಣೆಗೆ ಮುಟ್ಟಿಸಿಕೊಂಡ. "ಅವ್ವಾ, ನಿನ್ನದು ನಿನಗೆ." ಕೈ ನೀರಿಗಿಳಿಸಿ ಬೆರಳು ಬಿಡಿಸಿದ. ಗೆಂಡೆಮೀನು ಕೆಳಗೆ ಕೆಳಗೆ ಹೋಗಿ ಕಾಣದಾಯಿತು.

ನೀರು ಸುಮ್ಮನಿತ್ತು. ಸಿಂಗ್ರಿ ಮಂಡಿಯೂರಿ ಕೂತೇ ಇದ್ದ.

ಆಗ ಬಕಜಂಘ ಕೂಗಿದ. ಗೆದ್ದವನ ಕೂಗಲ್ಲ ಅದು. ಕಾಲು ಮುರಿದವನ ಕೂಗು. ತಾಳೆಮರದಷ್ಟಿದ್ದವನು ಮಾವಿನಮರದಷ್ಟಾದ. ಕೊಳದ ನಡುವಿನಿಂದ ಸಾಕವ್ವ ಎದ್ದು, ಸೆರಗು ಹಿಂಡಿಕೊಳ್ಳುತ್ತ ಸೊಂಟಮಟ್ಟದ ನೀರಿನಲ್ಲಿ ನಡೆದು ಬಂದಳು.

"ಕೈ ಯಾಕೋ ಹೀಗೆ ಸುಟ್ಕೊಂಡಿದ್ದೀಯ? ಒಂದು ಮುದ್ದೆ ತಿರುವೋದಕ್ಕೂ ಬರೋದಿಲ್ಲವಲ್ಲೋ ನಿನಗೆ" ಎಂದಳು. ಆಮೇಲೆ ಅವನ ತಲೆ ಹಿಡಿದುಕೊಂಡು ಅತ್ತಳು.

ಸಾಕವ್ವ ನಡೆದದ್ದು ಹೇಳಿದಳು. ಪರದೇಶದ ನೀರಿಗೆ ನಮ್ಮ ನೇಮ ಯಾಕೆ ಎಂದುಕೊಂಡು, ಮನೆಯಲ್ಲಿ ತಮ್ಮ ಹಸಿದಿದ್ದಾನೆ ಎಂದು, ಅವಳು ಇಲ್ಲಿ ಸಿಕ್ಕ ಮೊದಲ ಮೀನನ್ನು ಬುಟ್ಟಿಗೆ ಹಾಕಿಕೊಂಡಿದ್ದಳು. ಹಾಕಿಕೊಂಡ ಗಳಿಗೆಯಲ್ಲೇ ಮೀನಾದಳು. ಕೊಳದಲ್ಲಿದ್ದ ಎಲ್ಲರ ಕತೆಯೂ ಅದೇ. ಗಂಗವ್ವನಿಗೆ ಕೊಡದೆ ಉಳಿಸಿಕೊಂಡದ್ದು ಬಕಜಂಘನ ಪಾಲಾಗುತ್ತಿತ್ತು. ಅವಳಿಗೆ ಒಪ್ಪಿಸಿದ್ದನ್ನು ಮಾತ್ರ ಅವನು ಮುಟ್ಟಲಾರ.

"ಕೊಡು ಆ ಕೋಲು," ಎಂದಳು ಸಾಕವ್ವ. "ಇನ್ನು ಅವನ ಕಟ್ಟಳೆ ನಡೆಯೋದಿಲ್ಲ. ಅವತ್ತು ಕೊಡದ ಮೀನನ್ನ ಇವತ್ತು ಕೊಡ್ತೀನಿ."

ಬೆಟ್ಟದ ಮೇಲೆ ಹೊತ್ತು ಅರ್ಧ ಮುಳುಗಿತ್ತು. ಸಾಕವ್ವ ಗಾಳ ಎಸೆದು ಒಂದು ಮೀನು ಹಿಡಿದು ಹಣೆಗೆ ಮುಟ್ಟಿಸಿ ಬಿಟ್ಟಳು. ಅದು ಕೇರಿಯ ಹಳೇ ಅಂಬಿಗನಾಗಿ ಎದ್ದು ಬಂತು. ಅಂಬಿಗ ತನ್ನ ಪಂಚೆಯ ಅಂಚಿನ ನೂಲು ಕಿತ್ತು ಮುದ್ದೆ ಕಟ್ಟಿ ಎಸೆದ, ಇನ್ನೊಬ್ಬರು ಎದ್ದರು. ಎದ್ದವರೆಲ್ಲ ದಡದಲ್ಲಿ ಸಾಲಾಗಿ ಕೂತರು. ಗಾಳ ಇಲ್ಲದವರು ಬರೀ ನೂಲಿಗೆ ಮುದ್ದೆ ಕಟ್ಟಿದರು, ನೂಲೂ ಇಲ್ಲದವರು ಅಂಗೈಯಲ್ಲಿ ಮುದ್ದೆಯಿಟ್ಟು ನೀರಿಗೆ ಚಾಚಿದರು. ಕಲ್ಲಿನ ಮೇಲಿಂದ ಎಷ್ಟು ತೆಗೆದರೂ ಮುದ್ದೆ ಮುಗಿಯಲಿಲ್ಲ. ಒಬ್ಬರು ಮೇಲೆದ್ದಂತೆಲ್ಲ ಬಕಜಂಘ ಕುಗ್ಗಿದ. ಆಳೆತ್ತರವಾದ, ಮೊಣಕಾಲೆತ್ತರವಾದ. ಹೊತ್ತಿನ ಕೊನೆಯ ಅಂಚು ಮುಳುಗುವಾಗ ಕೊಳದಲ್ಲಿ ಒಬ್ಬರೂ ಉಳಿದಿರಲಿಲ್ಲ. ಮಾಯಾವಿ ನಿಂತ ಜಾಗದಲ್ಲಿ ಒಂದು ಬಡಕಲು ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ಚಾವಡಿ ಇದ್ದಲ್ಲಿ ಜೊಂಡುಹುಲ್ಲು ಬೆಳೆದಿತ್ತು.

ಬಕಜಂಘನ ಮಾಯೆ ಹರಿದದ್ದೇ, ಅದಕ್ಕೆ ಸಿಕ್ಕಿ ರೂಪ ಕಳೆದುಕೊಂಡಿದ್ದ ಹುಲಿ ಒಬ್ಬ ಗೌಡನಾಗಿ, ಆಮೆ ಒಬ್ಬ ಮುದುಕನಾಗಿ ತಮ್ಮ ತಮ್ಮ ಊರಿನ ದಾರಿ ಹಿಡಿದರು. ಬೆಸ್ತರು ಕೇರಿಗೆ ಮರಳಿದರು. ಹೊಳೆಗಳಿಗೆ ಮೀನು ಮರಳಿತು. ಅರಸನು ಬಡಗಣ ದಾರಿ ತೆರೆಸಿದ. ಅಲ್ಲಿಗೆ ಗಾಳ ಹಿಡಿದು ಹೋಗುವವರು ಮೊದಲ ಮೀನನ್ನು ಹಣೆಗೆ ಮುಟ್ಟಿಸಿ ನೀರಿಗೆ ಬಿಡುತ್ತಾರೆ. ಆ ಬಡಕಲು ಕೊಕ್ಕರೆ ಮಾತ್ರ ಕುತ್ತಿಗೆ ಚಾಚಿ ನೋಡುತ್ತದೆ, ಕೊಕ್ಕು ಇಳಿಸುವುದಿಲ್ಲ.

ಸಿಂಗ್ರಿಯೂ ಸಾಕವ್ವನೂ ಉಣ್ಣುತ್ತ, ಉಡುತ್ತ, ಜಗಳವಾಡುತ್ತ ನೂರು ಕಾಲ ಬಾಳಿದರು. ಕತೆ ಕೇಳಿದವರ ಒಲೆ ಆರದಿರಲಿ, ಅವರ ಊರಿನ ನೀರು ಬತ್ತದಿರಲಿ.