ಹೆಸರಿಟ್ಟವರು ಯಾರು

ರಜಾಕಾರರ ಗಲಾಟೆ ಶುರುವಾಗುವ ಮುಂಚಿನ ಮಾತು. ಯಲಬುರ್ಗಾದಲ್ಲಿ ನನ್ನ ಮೊದಲ ಹೆಂಡತಿ ಶಂಕ್ರಮ್ಮ ಜ್ವರ ಬಂದು ತೀರಿಕೊಂಡಳು. ದುಃಖ ತಡೆಯಲಾಗದೆ, ಅವಳ ನೆನಪು ಬಂದಾಗಲೆಲ್ಲ ಮನಸ್ಸನ್ನು ಬೇರೆ ಕಡೆ ಎಳೆದುಕೊಳ್ಳತೊಡಗಿದೆ. ಮೊದಲು ಅವಳ ದನಿ ಮರೆತುಹೋಯಿತು, ಆಮೇಲೆ ಮುಖ. ಬರಬರುತ್ತ ಜೀವ ಹಗುರಾಯಿತು. ಹನುಮಸಾಗರದ ವಿರೂಪಾಕ್ಷಮ್ಮನನ್ನು ಮದುವೆಯಾದೆ.

ಅವಳು ಬಂದ ಮೇಲೆ ನಡುಮನೆಯಲ್ಲಿ ಬಜೆಯ ವಾಸನೆ ಬರತೊಡಗಿತು, ಕೂಸುಗಳಿಗೆ ತೇಯ್ದು ನೆಕ್ಕಿಸುತ್ತಾರಲ್ಲ, ಅದೇ ಬಜೆ. ಗಾಳಿಯಿಲ್ಲದ ಮಧ್ಯಾಹ್ನವೂ ತೊಟ್ಟಿಲು ಕಟ್ಟುವ ತೊಲೆ ಕಿರುಗುಟ್ಟುತ್ತಿತ್ತು. ಅದರ ಕೆಳಗಿನ ನೆಲವಷ್ಟೇ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು.

ಒಂದು ದಿನ ರೊಟ್ಟಿ ಬಡಿಸುತ್ತ ವಿರೂಪಾಕ್ಷಮ್ಮ ಕೇಳಿದಳು: “ನಿಮ್ಮ ಮಗಳಿಗೆ ಗೌರವ್ವ ಅಂತ ಹೆಸರಿಟ್ಟವ್ರು ಯಾರ್ರಿ?”

“ನನಗೆಲ್ಲಿ ಮಗಳು? ನಿನಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ,” ಎಂದು ನನ್ನ ಮುಖ ನೋಡದೆ ಎದ್ದು ಹೋದಳು.

ನೆರೆಮನೆಯ ಗಾಳೆಮ್ಮ ಏನೋ ಹೇಳಿಕೊಟ್ಟಿರಬೇಕು ಅಂದುಕೊಂಡೆ. ಆದರೆ ಗಾಳೆಮ್ಮ ನಮ್ಮೂರಿಗೆ ಬಂದದ್ದೇ ಹೋದ ವರ್ಷ. ಸಂಶಯ ತಡೆಯಲಾಗದೆ ಕುಷ್ಟಗಿಗೆ ಹೋಗಿ ನನ್ನ ಅಕ್ಕನನ್ನು ಕೇಳಿದೆ. ಅವಳು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತಳು.

“ಕೂಸು ಇತ್ತಪ್ಪ. ತಾಯಿ ಹಿಂದ ಅದೂ ಹೋತು. ಇನ್ನ ಯಾರೂ ಅದರ ಮಾತು ತಗೀಬಾರ್ದು ಅಂತ ಎಲ್ಲಾರ ಕಡಿಂದ ನೀನ ಆಣಿ ಮಾಡಿಸಿದಿ.”

ನನಗೆ ಒಂದಿಷ್ಟೂ ನೆನಪಾಗಲಿಲ್ಲ. “ಅದರ ಹೆಸರು ಗೌರವ್ವ ಅಂತಿತ್ತೇನು?” ಎಂದೆ.

ಅಕ್ಕ ನನ್ನನ್ನೇ ದಿಟ್ಟಿಸಿದಳು.

“ಹೆಸರಿಡೂಕಿಂತ ಮೊದಲ ಹೋತಪ್ಪ ಅದು. ನಾವ್ಯಾರೂ ಅದಕ್ಕ ಹೆಸರ ಇಟ್ಟಿಲ್ಲ.”