ಮರಿ ಕಾಣದ ಸೋಮವಾರ

ಕಾಫಿ ತಟ್ಟೆ ಹಿಡಿದು ನಡುಮನೆಗೆ ಬರುತ್ತಿದ್ದ ಶರಣ್ಯ ಹೊಸ್ತಿಲಲ್ಲೇ ನಿಂತುಬಿಟ್ಟಳು.

“ನಂಗೆ ಸಕ್ಕರೆ ಕಮ್ಮಿ ಇರ್ಲಿ,” ಎಂದಿತ್ತು ಒಂದು ದನಿ.

ಆ ದನಿಯನ್ನು ಅವಳು ಬಲ್ಲಳು. ದಿನವೂ ಬೆಳಿಗ್ಗೆ ಫೋನಿನಲ್ಲಿ ಕೇಳುವ ದನಿ. ಮುಖವನ್ನು ಮಾತ್ರ ಎಂದೂ ಕಂಡಿರಲಿಲ್ಲ.

ಹೆಣ್ಣು ನೋಡಲು ಬಂದು ಕುಳಿತಿದ್ದ ನಾಗಭೂಷಣ್ ತಲೆಯೆತ್ತಿದ. ಅವಳನ್ನು ಕಂಡು ನಕ್ಕ. ಬೆರಗಾದವನ ನಗು ಅದಲ್ಲ, ಕಾದಿದ್ದವನ ನಗು.

‘ಇವರಿಗೆ ಮೊದಲೇ ಗೊತ್ತಿತ್ತು…’

ಅವಳು ತಟ್ಟೆಯನ್ನು ಅವನ ಮುಂದೆ ಹಿಡಿದಳು.

ಶರಣ್ಯಳ ತಂದೆ ತೀರಿಹೋದ ಮೇಲೆ ಗವಿಪುರದ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ವರ್ಷ ತುಂಬುವುದರೊಳಗೆ ಮಗಳ ಮದುವೆ ಆಗಿಬಿಡಬೇಕೆಂಬುದು ತಾಯಿ ಮಹಾನಂದಮ್ಮನ ಹಂಬಲ. ಬೆಳಗಿನ ಲಿಂಗಪೂಜೆಯಲ್ಲಿ ಆಕೆ ಬೇರೇನನ್ನೂ ಬೇಡುತ್ತಿರಲಿಲ್ಲ. “ನಿನ್ನಿಷ್ಟ ಅಮ್ಮ,” ಎಂದಿದ್ದ ಶರಣ್ಯ ಹುಡುಗನ ಹೆಸರನ್ನೂ ಕೇಳಿರಲಿಲ್ಲ, ಫೋಟೋವನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಶೋಕದಲ್ಲಿರುವವರಿಗೆ ಎಲ್ಲ ಮುಖಗಳೂ ಒಂದೇ.

ಅವಳ ಕೆಲಸ ಮಲ್ಲೇಶ್ವರದ ಒಂದು ಕಚೇರಿಯಲ್ಲಿ. ಕಡಲ ಅಂಚಿನಲ್ಲಿ ಯಾರು ಏನು ಕಟ್ಟಬಹುದು, ಹೇಗೆ ಕಟ್ಟಬೇಕು ಎಂದು ಗೊತ್ತು ಮಾಡುವ ಕಚೇರಿ ಅದು. ದೂರದ ಕರಾವಳಿಯಲ್ಲಿ ಮೂಡಳಿವೆ ಎಂಬಲ್ಲಿ, ನದಿ ಕಡಲನ್ನು ಸೇರುವ ಕಡೆ, ಹಡಗು ನಿಲ್ಲಲು ಒಂದು ಜೆಟ್ಟಿ ಏಳುತ್ತಿತ್ತು. ಉಕ್ಕಿನ ಕಂಬಗಳನ್ನು ನೀರಿನ ತಳಕ್ಕೆ ಹೊಡೆದು ಇಳಿಸುವ ಪೈಲಿಂಗ್ ಕೆಲಸ. ಆ ನೀರಿನಲ್ಲಿ ಡಾಲ್ಫಿನ್‌ಗಳು ಮರಿ ಹಾಕುತ್ತವೆ. ಆದ್ದರಿಂದ ಶರಣ್ಯ ಒಂದು ಷರತ್ತು ಹಾಕಿದ್ದಳು. ದಿನವೂ ಬೆಳಿಗ್ಗೆ ಕಂಪನಿಯ ಎಂಜಿನಿಯರ್ ನಾಗಭೂಷಣ್ ದಡದಲ್ಲಿ ನಿಂತು ನೀರನ್ನು ನೋಡಬೇಕು. ಡಾಲ್ಫಿನ್ ಕಂಡರೆ ಆ ದಿನ ಪೈಲಿಂಗ್ ಇಲ್ಲ. ಅವನು ಇಲ್ಲದ ದಿನವೂ ಇಲ್ಲ.

“ಮೇಡಂ, ಅಮ್ಮ ಮಗು ಇಬ್ರೂ ಬಂದಿದಾರೆ,” ಎನ್ನುತ್ತಿದ್ದ ಅವನು ಫೋನಿನಲ್ಲಿ. “ಇವತ್ತು ಕೆಲಸ ಬಂದ್.”

“ಎಷ್ಟು ಹತ್ರ ಇದಾವೆ?”

“ಮಗು ಕಂಬದ ಪಕ್ಕಾನೇ ಆಡ್ತಿದೆ. ಮನೇಗೆ ಹೋಗೋ ಅಂತ ಬೈದೆ. ಕೇಳಲ್ಲ ಅಂತಿದೆ.”

ಅಪ್ಪ ಹೋದ ಮೇಲೆ ಶರಣ್ಯ ನಕ್ಕಿದ್ದರೆ ಆ ಫೋನಿನಲ್ಲಿ ಮಾತ್ರ. ಅದನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಈಗ ಅದೇ ದನಿ ಮನೆಯೊಳಗೆ ಬಂದು ಕುಳಿತಿತ್ತು. ಅದರ ಪಕ್ಕದಲ್ಲಿ ಅವನ ತಾಯಿ ವಿಶಾಲಮ್ಮ. ಇನ್ನೊಂದು ಪಕ್ಕದಲ್ಲಿ, ಹಿರಿಯರಾಗಿ ಬಂದಿದ್ದ ನಂಜಪ್ಪನವರು. ಜೆಟ್ಟಿ ಕಟ್ಟುತ್ತಿದ್ದ ಕಂಪನಿಯ ಯಜಮಾನರು.

“ಈ ಸಂಬಂಧ ತಂದೋರೇ ಇವ್ರು ಕಣೇ,” ಎಂದು ಮಹಾನಂದಮ್ಮ ಮಗಳ ಕಿವಿಯಲ್ಲಿ ಹೇಳಿದಳು. “ಎಂಥ ದೊಡ್ಡ ಮನಸ್ಸು ನೋಡು.”

ನಂಜಪ್ಪನವರ ಹಣೆಯ ತುಂಬ ವಿಭೂತಿ. ಹಚ್ಚಿಕೊಂಡವರ ಒಳಗೇನಿದೆ ಎಂದು ವಿಭೂತಿ ಹೇಳುವುದಿಲ್ಲ. ಅದನ್ನು ಬಲ್ಲವನು ಶಿವನೊಬ್ಬನೇ.

“ಒಂದು ಫೋಟೋ ಇರ್ಲಿ,” ಎಂದು ಅವರು ಫೋನ್ ತೆಗೆದರು. “ಭೂಷಣ, ಪಕ್ಕಕ್ಕೆ ಹೋಗಿ ನಿಂತ್ಕೊಳಪ್ಪ. ಹಣ್ಣಿನ ತಟ್ಟೆ ಇಬ್ರೂ ಹಿಡ್ಕೊಳ್ಳಿ. ನಗು ತಾಯಿ, ದಂಡ ಹಾಕೋ ಥರ ನೋಡ್ಬೇಡ.”

ಎಲ್ಲರೂ ನಕ್ಕರು. ಶರಣ್ಯ ಮಾತ್ರ ಆ ಫೋನಿನ ಕಡೆಯೇ ನೋಡುತ್ತಿದ್ದಳು.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಅವರಿಬ್ಬರನ್ನು ಹಿತ್ತಲಿಗೆ ಕಳಿಸಿದರು.

“ನಿಮಗೆ ಮೊದ್ಲೇ ಗೊತ್ತಿತ್ತಾ?” ಎಂದಳು ಶರಣ್ಯ.

“ಗೊತ್ತಿತ್ತು. ಹೆಸರು ನೋಡಿದೆ, ಕಚೇರಿ ನೋಡಿದೆ. ಶಿವನೇ ಕಳಿಸಿದ ಅಂದ್ಕೊಂಡೆ.”

“ಶಿವ ಕಳಿಸಿದ್ನೋ, ನಿಮ್ಮ ಯಜಮಾನ್ರು ಕಳಿಸಿದ್ರೋ?”

ಅವನಿಗೆ ಅರ್ಥವಾಗಲಿಲ್ಲ.

“ನಮ್ಮಿಬ್ರಿಗೆ ಸಂಬಂಧ ಅಂತ ಆದ್ರೆ ಮೂಡಳಿವೆ ಫೈಲು ನನ್ನ ಕೈ ಬಿಡುತ್ತೆ. ಹಾಗಂತ ನಿಯಮ ಇದೆ. ಆಮೇಲೆ ಅದು ಹೋಗೋ ಮೇಜಿನವ್ರಿಗೆ ಯಾವುದಕ್ಕೂ ಬೇಡ ಅನ್ನೋ ಅಭ್ಯಾಸಾನೇ ಇಲ್ಲ.”

ನಾಗಭೂಷಣನ ಮುಖ ಬಾಡಿತು. “ಅಷ್ಟೊಂದು ಯೋಚ್ನೆ ಮಾಡ್ಲಿಲ್ಲ ನಾನು. ನಿಮ್ಮನ್ನ ನೋಡ್ಬೇಕು ಅನ್ನೋದೊಂದೇ ಇತ್ತು ತಲೇಲಿ.”

‘ನಂಬಲೇ?’ ಎಂದು ಅವಳ ಮನಸ್ಸು ಕೇಳಿತು. ನಂಬಬೇಕೆಂಬ ಆಸೆಯೂ ಅಲ್ಲೇ ಇತ್ತು.

ಅಷ್ಟರಲ್ಲಿ ಮನೆಯ ಮಗ್ಗುಲಿನಿಂದ ನಂಜಪ್ಪನವರ ತಗ್ಗಿದ ದನಿ ಅವಳ ಕಿವಿಗೆ ಬಿತ್ತು. ಯಾರೊಂದಿಗೋ ಫೋನಿನಲ್ಲಿದ್ದರು.

“ಹ್ಞೂ, ಇಲ್ಲೇ ಇದಾನೆ. ಇವತ್ತು ವಾಪಸ್ ಬರಲ್ಲ. ನಡೀಲಿ.”

ಏನು ನಡೆಯಬೇಕು? ಆಗ ಅವಳಿಗೆ ತಿಳಿಯಲಿಲ್ಲ. ಭಾನುವಾರದ ಬಿಸಿಲು ಹಿತ್ತಲಿನ ಕಲ್ಲುಗಳ ಮೇಲೆ ಬಿದ್ದಿತ್ತು. ಆದರೂ ಅವಳು ಸೆರಗನ್ನು ಹೊದ್ದುಕೊಂಡಳು.

ಸೋಮವಾರ ಬೆಳಿಗ್ಗೆ ಫೋನ್ ತಡವಾಗಿ ಬಂತು.

“ಮೇಡಂ… ಅಮ್ಮ ಒಂದೇ ಬಂದಿದೆ.”

“ಮರಿ?”

“ಕಾಣಿಸ್ತಿಲ್ಲ. ಅಮ್ಮ ಒಂದೇ ಕಡೆ ಸುತ್ತು ಹಾಕ್ತಿದೆ. ಮುಳುಗುತ್ತೆ, ಏಳುತ್ತೆ, ಮತ್ತೆ ಮುಳುಗುತ್ತೆ.”

‘ನಡೀಲಿ’ ಎಂಬ ಆ ಮಾತು ಶರಣ್ಯಳ ಕಿವಿಯಲ್ಲಿ ಮತ್ತೆ ಕೇಳಿಸಿತು.

“ಭೂಷಣ್, ನಿನ್ನೆ ಪೈಲಿಂಗ್ ಆಯ್ತಾ?”

ಆ ಕಡೆ ಗಾಳಿಯ ಸದ್ದು. ಹತ್ತಿರದಲ್ಲಿ ಯಾರೋ ಕೆಮ್ಮಿದ ಸದ್ದು.

“ಹೇಳಿ. ಆಯ್ತಾ, ಇಲ್ವಾ?”

ಫೋನ್ ಕಡಿದುಹೋಯಿತು.

ಕದಡಿದ ನೀರಿನಲ್ಲಿ ಕಣ್ಣು ಉಪಯೋಗಕ್ಕೆ ಬಾರದು. ಡಾಲ್ಫಿನ್ ತಾಯಿಯೂ ಮರಿಯೂ ಒಂದನ್ನೊಂದು ಹಿಡಿದುಕೊಂಡಿರುವುದು ದನಿಯಿಂದಲೇ. ತಾಯಿ ಸೀಟಿ ಹಾಕುತ್ತದೆ, ಮರಿ ಓಗೊಡುತ್ತದೆ. ಅದರ ನಡುವೆ ಉಕ್ಕಿನ ಮೇಲೆ ಉಕ್ಕು ಬಡಿಯತೊಡಗಿದರೆ ಅಳಿವೆಯ ತುಂಬ ಆ ಬಡಿತವೊಂದೇ. ಕರೆದರೂ ಕೇಳದು. ಹೆದರಿದ ಮರಿ ಯಾವ ಕಡೆಗೆ ಓಡಿತೋ, ಕಂಡವರಾರು?

ಶರಣ್ಯ ಮೇಜಿಗೆ ತಲೆಯಿಟ್ಟಳು. ‘ಹೆಣ್ಣು ನೋಡುವ ನೆಪದಲ್ಲಿ ಕಾವಲುಗಾರನನ್ನು ಇಲ್ಲಿಗೆ ಕರೆತಂದು ಕೂರಿಸಿದರು. ಅವನು ಗೊತ್ತಿದ್ದೇ ಬಂದ. ನಾನು ಅವನಿಗೆ ಕಾಫಿ ಕೊಟ್ಟೆ…’

ಸಂಜೆ ಮನೆಗೆ ಬಂದವಳೇ ತಾಯಿಗೆ ಹೇಳಿದಳು. “ಬೇಡ ಅಂದ್ಬಿಡಮ್ಮ.”

“ಯಾಕೇ? ಹುಡುಗ ಚೆನ್ನಾಗಿದಾನೆ, ಮಾತು ಮೆತ್ತಗಿದೆ, ಸಕ್ಕರೆನೂ ಜಾಸ್ತಿ ಕೇಳಲ್ಲ. ಇನ್ನೇನು ಬೇಕೇ ನಿಂಗೆ?”

“ಬೇಡ ಅಂದ್ರೆ ಬೇಡ.”

“ನಿಮ್ಮಪ್ಪ ಇದ್ದಿದ್ರೆ…”

“ಅಪ್ಪ ಇದ್ದಿದ್ರೆ ಅವ್ರೇ ಬೇಡ ಅಂತಿದ್ರು.”

ಮಹಾನಂದಮ್ಮ ಮಗಳ ಮುಖ ನೋಡಿದಳು. ಆಮೇಲೆ ಫೋನ್ ಎತ್ತಿ ವಿಶಾಲಮ್ಮನಿಗೆ ಬೇಡವೆಂದು ಹೇಳಿದಳು. ಹೇಳಿ, ದೇವರ ಮುಂದೆ ಹೋಗಿ ಕುಳಿತಳು. ಆಕೆ ಅತ್ತದ್ದು ಶರಣ್ಯಳಿಗೆ ಕೇಳಿಸಿತು.

ಮರುದಿನದಿಂದ ಮೂಡಳಿವೆಯ ಫೋನಿನಲ್ಲಿ ಬೇರೊಂದು ದನಿ ಬರತೊಡಗಿತು.

“ಡಾಲ್ಫಿನ್ ಇಲ್ಲ ಮೇಡಂ. ಎಲ್ಲಾ ಕ್ಲಿಯರ್.”

“ನಾಗಭೂಷಣ್ ಎಲ್ಲಿ?”

“ರಜೆ.”

“ನಾಗಭೂಷಣ್ ನೋಡ್ದೇ ಇರೋ ದಿನ ಕೆಲಸ ನಡೀಬಾರ್ದು.”

“ನಡೀತಿದೆ ಅಂತ ಯಾರು ಹೇಳಿದ್ರು ಮೇಡಂ?” ಆ ದನಿ ನಕ್ಕು ಫೋನ್ ಇಟ್ಟಿತು.

ಶರಣ್ಯ ಕಂಪನಿಯನ್ನು ವಿಚಾರಣೆಗೆ ಕರೆಸಿದಳು. ಮರಿ ಹಾಕುವ ಕಾಲ ಮುಗಿಯುವವರೆಗೆ ಪೈಲಿಂಗ್ ನಿಲ್ಲಿಸುವ ಆದೇಶವನ್ನು ಮನಸ್ಸಿನಲ್ಲೇ ಬರೆದುಕೊಂಡಿದ್ದಳು. ಆದರೆ ಆ ದಿನ ಕೋಣೆಯೊಳಗೆ ಕಾಲಿಟ್ಟಾಗ ಅವಳ ಮೇಲಧಿಕಾರಿ ಪ್ರತಿಭಾ ಅವರ ಕೈಯಲ್ಲಿ ಆ ಫೋಟೋ ಇತ್ತು. ಹಣ್ಣಿನ ತಟ್ಟೆ, ತಟ್ಟೆಯ ಮೇಲೆ ಎರಡು ಜೊತೆ ಕೈಗಳು.

ಎದುರಿಗೆ ನಂಜಪ್ಪನವರು ನೆಮ್ಮದಿಯಾಗಿ ಕುಳಿತಿದ್ದರು.

“ನಮ್ಮನೆ ಹುಡುಗಿ ಆಗೋಳು. ಅವಳ ಮೇಲೆ ನಂಗೇನೂ ಬೇಜಾರಿಲ್ಲ,” ಎಂದರು. “ಆದ್ರೆ ಕಾನೂನು ಅಂತ ಒಂದಿದೆಯಲ್ಲ ಮೇಡಂ. ಫೈಲು ಬೇರೆಯವ್ರಿಗೆ ಕೊಡಿ. ನಾಳೆ ಅವಳ ಹೆಸರಿಗೇ ಕೆಟ್ಟದು.”

“ಶರಣ್ಯ, ಇದು ನಿಜಾನಾ?” ಎಂದರು ಪ್ರತಿಭಾ.

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು. ಆಚೆ ನಿಂತು ಮಾತು ಕೇಳಿಸಿಕೊಂಡಿದ್ದ, ಬಿಸಿಲಿಗೆ ಕಪ್ಪಾದ, ಮಾಸಿದ ಬಟ್ಟೆಯ ಯುವಕನೊಬ್ಬ ಒಳಗೆ ಬಂದ.

“ಯಾರಪ್ಪ ನೀವು?” ಎಂದರು ಪ್ರತಿಭಾ.

“ಫೋಟೋದಲ್ಲಿರೋನು,” ಎಂದ ನಾಗಭೂಷಣ್.

ಶರಣ್ಯ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಳು.

“ಸಂಬಂಧ ಏನೂ ಇಲ್ಲ ಮೇಡಂ. ನಾವು ಕೇಳಿದ್ವಿ, ಅವ್ರು ಬೇಡ ಅಂದ್ರು. ನನ್ನ ನಂಬ್ಲಿಲ್ಲ. ನಂಬ್ದೇ ಇದ್ದಿದ್ದು ಸರೀನೇ.”

“ಭೂಷಣ,” ಎಂದರು ನಂಜಪ್ಪನವರು ಮೆತ್ತಗೆ. “ನಿಮ್ಮಮ್ಮನ್ನ ಒಂದ್ಸಲ ನೆನೆಸ್ಕೊಂಡು ಮಾತಾಡಪ್ಪ.”

ಅವನು ಒಮ್ಮೆ ಅವರ ಕಡೆ ತಿರುಗಿ ನೋಡಿದ. ಆದರೂ ನಿಲ್ಲಿಸಲಿಲ್ಲ.

“ಆ ಭಾನುವಾರ ನಾನು ಇಲ್ಲಿದ್ದೆ. ಅಲ್ಲಿ ಪೈಲಿಂಗ್ ನಡೆದಿದೆ. ಸೋಮವಾರ ಹೋಗಿ ನೋಡಿದ್ರೆ ಹೊಸ ಕಂಬ ನಿಂತಿತ್ತು. ಶರಣ್ಯ ಮೇಡಂ ಫೋನಲ್ಲಿ ಕೇಳಿದ್ರು. ಇವ್ರ ಕಡೆಯವ್ರು ಪಕ್ಕದಲ್ಲೇ ನಿಂತಿದ್ರು, ನಂಗೆ ಹೆದರಿಕೆ ಆಯ್ತು. ಬಾಯಿ ಬಿಡ್ಲಿಲ್ಲ. ಅದು ನನ್ನ ತಪ್ಪು. ಅವತ್ತೇ ನನ್ನ ಸೈಟಿಂದ ಹೊರಗೆ ಹಾಕಿದ್ರು. ಆಮೇಲೂ ಪೈಲಿಂಗ್ ನಡೀತಾನೇ ಇದೆ. ದಡದಲ್ಲಿ ನಿಂತು ಕಣ್ಣಾರೆ ನೋಡಿದೀನಿ. ವಿಚಾರಣೆ ಇದೆ ಅಂತ ಗೊತ್ತಾಗಿ ಬಂದೆ. ಇದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?” ಎಂದು ಪ್ರತಿಭಾ ಕೇಳಿದರು.

ಅವನು ಶರಣ್ಯಳ ಕಡೆ ನೋಡಿದ. “ದೋಣೀಲಿ ಮರಿ ಹುಡುಕ್ತಿದ್ದೆ. ಸಿಕ್ಕಿದ್ಮೇಲೆ ಫೋನ್ ಮಾಡೋಣ ಅಂತಿದ್ದೆ.”

ಪ್ರತಿಭಾ ಅದನ್ನೂ ಬರೆದುಕೊಂಡರು.

“ಸರಿ,” ಎಂದು ಪ್ರತಿಭಾ ಫೋಟೋ ಕೆಳಗಿಟ್ಟರು. “ಸಂಬಂಧ ಇಲ್ಲ. ಫೈಲು ಶರಣ್ಯ ಹತ್ರಾನೇ ಇರುತ್ತೆ.”

ಶರಣ್ಯಳಿಗೆ ಬೇಕಾದದ್ದು ಅದೇ. ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ‘ಆದರೆ ಇವನನ್ನು ನನ್ನ ಮನಸ್ಸು ಒಪ್ಪಿಯಾಯಿತು. ಈಗ ಸುಮ್ಮನಿದ್ದರೆ ಅದು ಸುಳ್ಳು. ಸುಳ್ಳಿನ ಮೇಲೆ ಬರೆದ ಆದೇಶವನ್ನು ನಾಳೆ ಈ ನಂಜಪ್ಪ ಒಂದೇ ಏಟಿಗೆ ಕೆಡವುತ್ತಾನೆ…’

ಅವಳು ಎದ್ದು ನಿಂತಳು.

“ಇದೆ ಮೇಡಂ.”

“ಏನಿದೆ?”

“ಸಂಬಂಧ. ಇವ್ರು ಈ ಬಾಗಿಲು ತೆಗೆಯೋವರೆಗೂ ಇರ್ಲಿಲ್ಲ. ಈಗ ಇದೆ. ದಯವಿಟ್ಟು ಬರ್ಕೊಳ್ಳಿ.”

ನಾಗಭೂಷಣ್ ತಟ್ಟನೆ ಅವಳ ಕಡೆ ತಿರುಗಿದ.

ಪ್ರತಿಭಾ ಕನ್ನಡಕ ತೆಗೆದರು. “ಶರಣ್ಯ, ಇದು ಕಚೇರಿ.”

“ಅದಕ್ಕೇ ಇಲ್ಲಿ ಹೇಳ್ತಿದೀನಿ.”

ನಂಜಪ್ಪನವರು ನಕ್ಕರು. “ನೋಡಿ, ನಾನು ಹೇಳಿದ್ದೂ ಅದೇ ತಾನೆ?”

“ಹೌದು. ಫೈಲು ಇವಳ ಹತ್ರ ಬೇಡ ಅಂದ್ರಿ, ತಗೊಂಡೆ. ಇನ್ನು ನಾನೇ ನೋಡ್ಕೊತೀನಿ,” ಎಂದರು ಪ್ರತಿಭಾ. “ಕಾವಲಿಲ್ಲದ ದಿನ ಪೈಲಿಂಗ್ ಆಗಿದೆ ಅಂತ ನಿಮ್ಮ ಎಂಜಿನಿಯರೇ ನನ್ನೆದುರು ಹೇಳಿದಾರೆ. ನಾನು ಬರ್ಕೊಂಡಾಯ್ತು. ಮರಿ ಹಾಕೋ ಕಾಲ ಮುಗಿಯೋವರೆಗೂ ಮೂಡಳಿವೇಲಿ ಒಂದು ಏಟೂ ಬೀಳಬಾರ್ದು.”

ನಂಜಪ್ಪನವರ ನಗು ಮುಖದ ಮೇಲೆ ಹಾಗೇ ಉಳಿಯಿತು. ಕಣ್ಣು ಮಾತ್ರ ಬದಲಾಯಿತು.

ಕಚೇರಿಯ ಮುಂದೆ ಅವರ ಕಾರು ಹೊರಡುವಾಗ ಗಾಜು ಕೆಳಗಿಳಿಯಿತು.

“ಮೇಲಿನವ್ರು ಇದಾರೆ ತಾಯಿ, ಅಲ್ಲಿ ನೋಡೋಣ. ಭೂಷಣ, ಇನ್ಮೇಲೆ ಈ ಊರಲ್ಲಿ ಯಾರು ನಿಂಗೆ ಕೆಲಸ ಕೊಡ್ತಾರೋ ನಾನೂ ನೋಡ್ತೀನಿ.”

ಕಾರು ಹೋಯಿತು. ಬೆದರಿಕೆ ಅವರಿಬ್ಬರ ಬಳಿಯೇ ಉಳಿಯಿತು.

“ಮರಿ?” ಎಂದಳು ಶರಣ್ಯ, ಉತ್ತರ ಗೊತ್ತಿದ್ದರೂ.

“ಸಿಗ್ಲಿಲ್ಲ. ಅಮ್ಮ ಇನ್ನೂ ಕಂಬಗಳ ಸುತ್ತಾನೇ ಇದೆ.”

ಹೋದದ್ದನ್ನು ಯಾವ ಆದೇಶವೂ ತಂದುಕೊಡುವುದಿಲ್ಲ. ಉಳಿದವುಗಳನ್ನಾದರೂ ಕಾಯಿ ಎಂದು ಶಿವನನ್ನು ಬೇಡಬಹುದು, ಅಷ್ಟೆ.

“ನಿಮ್ಮಮ್ಮಂಗೆ ಏನ್ ಹೇಳ್ತೀರಾ?”

“ಕೆಲಸ ಹೋಯ್ತು ಅಂತ ಮೊದ್ಲು ಹೇಳ್ತೀನಿ. ಅಳ್ತಾರೆ. ಆಮೇಲೆ ನೀವು ಒಪ್ಪಿದ್ರಿ ಅಂತ ಹೇಳ್ತೀನಿ.”

“ಆಗ?”

“ಇನ್ನೂ ಜಾಸ್ತಿ ಅಳ್ತಾರೆ.”

ಶರಣ್ಯ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. ಏನು ಮಾಡಬೇಕೆಂದು ತೋಚದೆ ಅವನು ಅವಳ ಹೆಗಲಿನ ಚೀಲವನ್ನು ಇಸಿದುಕೊಂಡು ನಿಂತ.

“ಭಯ ಆಗ್ತಿದೆ ಭೂಷಣ್. ಅವ್ರು ಸುಮ್ನೆ ಬಿಡಲ್ಲ.”

“ಬಿಡಲ್ಲ,” ಎಂದ ಅವನು. “ನಂಗೂ ಭಯಾನೇ.”

“ನೀವು ಧೈರ್ಯ ಹೇಳ್ತೀರಿ ಅಂದ್ಕೊಂಡೆ.”

“ನನ್ನ ಹತ್ರ ಇದ್ರೆ ತಾನೆ ಹೇಳೋದು? ಇದ್ದ ಧೈರ್ಯ ಎಲ್ಲ ಆ ಕೋಣೇಲೇ ಖಾಲಿ ಆಯ್ತು.”

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. ಬೀದಿಯಲ್ಲಿ ಜನ ನೋಡುತ್ತಿದ್ದರು.

“ಪರವಾಗಿಲ್ಲ ಬಿಡಿ,” ಎಂದಳು. “ಇಬ್ರೂ ಹೆದರ್ಕೊಂಡೇ ಹೋಗೋಣ.”