ಅವಧಿ ಮುಗಿದ ಮೂರು ಅಂಕಪಟ್ಟಿ

ಜೂನ್ ಒಂಬತ್ತು, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬಿನ್ಸಿ ಕುರಿಯಾಕೋಸ್ ಎಂಬ ಮೂವತ್ತೇಳರ ನರ್ಸ್ ಕೇರಳದ ಕುರವಿಲಂಗಾಡಿನ ಠಾಣೆಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ದೂರಿನ ಹಾಳೆ ಇತ್ತು. ತನ್ನ ಹೆಸರಿನಲ್ಲಿ ಬೇರೆ ಯಾರೋ ವಿದೇಶದ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆ ಬರೆದಿದ್ದಾರೆ ಎಂಬುದು ಅದರ ಸಾರಾಂಶ.

ಇನ್‌ಸ್ಪೆಕ್ಟರ್ ವಿಲಾಸಿನಿ ಅದನ್ನು ಎರಡು ಸಲ ಓದಿದರು.

"ಬೇರೆಯವರು ಬರೆದುಕೊಟ್ರೆ ನಿಮಗೆ ಲಾಭಾನೇ ಅಲ್ವಾ?"

"ಮೋಸ ಬಯಲಾಗಿದೆ ಮೇಡಂ. ಆಮೇಲೆ ಫೋಟೊ ನೋಡಿದಾಗ ಮುಖ ಹೋಲಲಿಲ್ಲ ಅಂತ ಫಲಿತಾಂಶ ತಡೆಹಿಡಿದು, ನನ್ನ ಪಾಸ್‌ಪೋರ್ಟ್ ನಂಬರಿಗೇ ಎರಡು ವರ್ಷ ನಿಷೇಧ ಹಾಕಿದ್ದಾರೆ. ಮತ್ತೆ ಬರೆಯೋಣ ಅಂತ ಹೆಸರು ನೋಂದಾಯಿಸೋಕೆ ಹೋದಾಗಲೇ ಗೊತ್ತಾಗಿದ್ದು."

ಏಪ್ರಿಲ್‌ನಲ್ಲಿ ಬರೆದಾಗ ಬಿನ್ಸಿಗೆ ಬರವಣಿಗೆಯಲ್ಲಿ ಅರ್ಧ ಅಂಕ ಕಡಿಮೆಯಾಗಿತ್ತು. ಬ್ರಿಟನ್ನಿನ ಆಸ್ಪತ್ರೆ ಕೊಟ್ಟಿದ್ದ ಕೆಲಸದ ಪತ್ರಕ್ಕೆ ಜುಲೈ ಹದಿನೈದರವರೆಗೆ ಮಾತ್ರ ಜೀವ. ಅಷ್ಟರೊಳಗೆ ಅಂಕಪಟ್ಟಿ ತೋರಿಸದಿದ್ದರೆ ಆ ಜಾಗ ಬೇರೆಯವರ ಪಾಲು.

"ದುಡ್ಡು ಕೊಟ್ಟು ಬರೆಸಿ, ಸಿಕ್ಕಿಬಿದ್ದ ಮೇಲೆ ದೂರು ಕೊಡೋರನ್ನೂ ನೋಡಿದೀನಿ."

"ಆ ಪರೀಕ್ಷೆ ನಡೆದ ಮೇ ಇಪ್ಪತ್ನಾಲ್ಕಕ್ಕೆ ನಾನು ಐಸಿಯುನಲ್ಲಿ ಡ್ಯೂಟಿಯಲ್ಲಿದ್ದೆ. ಹಾಜರಿ ಪುಸ್ತಕ ನೋಡಿ ಬೇಕಾದ್ರೆ."

"ನೀವು ಬರೆದಿಲ್ಲ ಅನ್ನೋದಕ್ಕೆ ಅದು ಸಾಕ್ಷಿ. ಬರೆಸಿಲ್ಲ ಅನ್ನೋದಕ್ಕೆ?"

ಬಿನ್ಸಿ ಅತ್ತಿದ್ದರೆ ವಿಲಾಸಿನಿಯ ಅನುಮಾನ ಗಟ್ಟಿಯಾಗುತ್ತಿತ್ತೇನೋ. ಅವಳು ಅಳಲಿಲ್ಲ, ಎಲ್ಲಿ ತಪ್ಪಿದೆ ಎಂದು ಲೆಕ್ಕ ಹಾಕುವವಳಂತೆ ನೆಲ ನೋಡುತ್ತ ನಿಂತಳು.

"ಪಾಸ್‌ಪೋರ್ಟ್ ಎಲ್ಲಿತ್ತು?"

"ಕೋಚಿಂಗ್ ಸೆಂಟರ್‌ನಲ್ಲಿ. ಎಲ್ಲರದ್ದೂ ಅಲ್ಲೇ ಇರೋದು ಮೇಡಂ. ಅರ್ಜಿ ತುಂಬೋದು ಅವರೇ ಅಲ್ವಾ?"

ಹನ್ನೊಂದು ಹದಿನೈದಕ್ಕೆ ಎಫ್ಐಆರ್ ದಾಖಲಾಯಿತು. ಸೋಗು ಹಾಕಿ ವಂಚನೆ, ಆರೋಪಿ ಅಪರಿಚಿತ ಮಹಿಳೆ.

ಮರುದಿನ ವಿಲಾಸಿನಿ ಕಾನ್‌ಸ್ಟೇಬಲ್ ಜೈನಮ್ಮಳೊಂದಿಗೆ ಕೊಚ್ಚಿಯ ಪರೀಕ್ಷಾ ಕೇಂದ್ರಕ್ಕೆ ಹೋದರು. ಪ್ರವೇಶದಲ್ಲಿ ತೆಗೆದ ಫೋಟೊ ಮಸುಕಾಗಿತ್ತು. ಬಿನ್ಸಿಯದೇ ಮೈಕಟ್ಟು, ತಗ್ಗಿಸಿದ ಮುಖ. ಪಾಸ್‌ಪೋರ್ಟಿನ ಚಿತ್ರವೇ ಎಂಟು ವರ್ಷ ಹಳೆಯದಾದ್ದರಿಂದ ಬಾಗಿಲಲ್ಲಿದ್ದವರು ಒಳಗೆ ಬಿಟ್ಟಿದ್ದರು. ಅಲ್ಲೇ ತೆಗೆದಿದ್ದ ಬೆರಳಚ್ಚಿನ ಪ್ರತಿ ಪಡೆದುಕೊಂಡು, ಕಾರಿಡಾರಿನ ಕ್ಯಾಮೆರಾದ ದೃಶ್ಯಗಳನ್ನು ನೋಡುತ್ತ ಕುಳಿತರು. ಒಂಬತ್ತು ಐದಕ್ಕೆ ಆ ಹೆಂಗಸು ಬೇಸಿನ್ನಿನ ಬಳಿ ಬಂದಳು. ಉದ್ದ ಹಿಡಿಯ ನಲ್ಲಿ. ಕೈ ಉಜ್ಜಿದಳು, ಬೆರಳ ಸಂದು, ಹೆಬ್ಬೆರಳು, ಮಣಿಕಟ್ಟು. ಕೊನೆಗೆ ನಲ್ಲಿಯನ್ನು ಮೊಣಕೈಯಿಂದ ಮುಚ್ಚಿ, ಬೆರಳುಗಳನ್ನು ಮೇಲಕ್ಕೆತ್ತಿ ಹಿಡಿದು ನಡೆದಳು.

"ನರ್ಸ್," ಎಂದಳು ಜೈನಮ್ಮ.

"ಹೂಂ."

"ಖುಷಿಪಡಬೇಡಿ ಮೇಡಂ. ನಮ್ಮೂರಲ್ಲಿ ಕಲ್ಲು ಎಸೆದ್ರೆ ಅದು ನರ್ಸ್ ಮನೆ ಹೆಂಚಿನ ಮೇಲೇ ಬೀಳೋದು. ನನ್ನ ನಾದಿನೀರು ಮೂರು ಜನಾನೂ ನರ್ಸೇ."

"ಆದರೆ ಬಿನ್ಸಿ ಪಾಸ್‌ಪೋರ್ಟ್ ಕೈಗೆ ಸಿಗೋ ಕಡೆ ಎಷ್ಟು ನರ್ಸ್‌ಗಳಿದ್ದಾರೆ?"

ಜೂನ್ ಹನ್ನೊಂದು, ಮಧ್ಯಾಹ್ನ ಒಂದೂವರೆ. ಕೋಚಿಂಗ್ ಸೆಂಟರ್ ಒಂದು ಬೇಕರಿಯ ಮೇಲಿತ್ತು. ಅಲ್ಲಿ ಐವರು ಶಿಕ್ಷಕಿಯರು. ಪಾಸ್‌ಪೋರ್ಟ್ ಕಪಾಟಿನ ಬೀಗದ ಕೈ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಯಾರೂ ಏನನ್ನೂ ಒಪ್ಪಲಿಲ್ಲ. ವಿಲಾಸಿನಿ ಒತ್ತಾಯ ಮಾಡಲಿಲ್ಲ. ಕೆಳಗಿನಿಂದ ಬಿಸಿ ಬೀಫ್ ಕಟ್ಲೆಟ್ ತರಿಸಿ, "ಮೊದಲು ತಿನ್ನಿ, ಆಮೇಲೆ ಮಾತಾಡೋಣ" ಎಂದು ಎಲ್ಲರ ಜೊತೆ ಕುಳಿತರು. ತಿಂದಾದ ಮೇಲೆ ಒಬ್ಬೊಬ್ಬರೂ ಕೈ ತೊಳೆಯಲು ಎದ್ದರು. ನಾಲ್ವರು ಬೆರಳುತುದಿ ತೋಯಿಸಿಕೊಂಡು ಬಂದರು. ಬರವಣಿಗೆ ಪಾಠ ಮಾಡುವ ತ್ರೇಸ್ಯಾಮ್ಮ ಮಾತ್ರ ಮಣಿಕಟ್ಟಿನವರೆಗೂ ಉಜ್ಜಿ, ನಲ್ಲಿಯನ್ನು ಮೊಣಕೈಯಿಂದ ಮುಚ್ಚಿದರು.

"ಟೀಚರ್, ನರ್ಸಿಂಗ್ ಓದಿದ್ರಾ?"

"ಆರು ವರ್ಷ ಕೆಲಸಾನೂ ಮಾಡಿದೀನಿ. ಬಿಟ್ಟು ಹದಿನಾರು ವರ್ಷ ಆಯ್ತು. ಯಾಕೆ?"

"ಕೈ ಇನ್ನೂ ಬಿಟ್ಟಿಲ್ಲ."

ತ್ರೇಸ್ಯಾಮ್ಮ ತಮ್ಮ ಮೊಣಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. ನಂತರ ಕುರ್ಚಿ ಎಳೆದು ಕುಳಿತರು. ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ, ದೊಡ್ಡ ಹೊರೆ ಇಳಿಸಿದವರ ಸುಸ್ತು ಕಂಡಿತು.

"ಬಿನ್ಸಿ ಎಷ್ಟು ಕೊಟ್ಲು?"

"ಅಯ್ಯೋ! ಅವಳಿಗೇನೂ ಗೊತ್ತಿಲ್ಲ ಮೇಡಂ. ಪರೀಕ್ಷೆ ಶುಲ್ಕವನ್ನೂ ನಾನೇ ಕಟ್ಟಿದೆ. ಅಂಕ ಬಂದಮೇಲೆ ಹೇಳೋಣ ಅಂತಿದ್ದೆ."

ವಿಲಾಸಿನಿಯ ಎದೆ ಹಗುರವಾಯಿತು. ಬಿನ್ಸಿಗೆ ಬೇಕಾಗಿದ್ದ ಸಾಕ್ಷಿ ಇದೊಂದೇ. ಶುಲ್ಕದ ರಸೀದಿ ತ್ರೇಸ್ಯಾಮ್ಮರ ಫೋನಿನಲ್ಲೇ ಇತ್ತು.

ಮೇಜಿನ ಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ತ್ರೇಸ್ಯಾಮ್ಮರ ಹೆಸರಿನ ಮೂರು ಅಂಕಪಟ್ಟಿಗಳು, ಒಂದಕ್ಕಿಂತ ಒಂದರಲ್ಲಿ ಹೆಚ್ಚು ಅಂಕ. ಎರಡು ವರ್ಷ ಮಾತ್ರ ಬಾಳುವ ಕಾಗದಗಳು. ಬೇಕರಿಯ ಯಜಮಾನನನ್ನೂ ಅಂಚೆಯ ಹೆಂಗಸನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಬರೆಯಲಾಯಿತು.

"ಇಷ್ಟು ಅಂಕ ಇಟ್ಕೊಂಡು ನೀವ್ಯಾಕೆ ಹೋಗಲಿಲ್ಲ?" ಜೈನಮ್ಮ ತಡೆಯಲಾರದೆ ಕೇಳಿದಳು.

"ಮೊದಲನೇದು ಬಂದಾಗ ಮಗಳು ಹೊಟ್ಟೇಲಿದ್ಲು. ಎರಡನೇದಕ್ಕೆ ಅತ್ತೆ ಹಾಸಿಗೆ ಹಿಡಿದ್ರು. ಮೂರನೇದಕ್ಕೆ ಮಗಳ ಹತ್ತನೇ ಕ್ಲಾಸು. ಯಾರೂ ಬೇಡ ಅನ್ನಲಿಲ್ಲ ಕಣಮ್ಮ. 'ಮುಂದಿನ ವರ್ಷ ನೋಡೋಣ' ಅಂದ್ರು, ಅಷ್ಟೇ. ಬೇಡ ಅಂದಿದ್ರೆ ಜಗಳ ಆಡಬಹುದಿತ್ತು." ಅವರು ಖಾಲಿ ಖಾನೆಯನ್ನು ಮುಚ್ಚಿದರು. "ಅರ್ಧ ಅಂಕ ಹೋಯ್ತಲ್ಲ, ಆವತ್ತು ಬಿನ್ಸಿ ಇಲ್ಲಿ ಬಂದು, 'ಮನೇಲಿ ಮುಂದಿನ ವರ್ಷ ನೋಡೋಣ ಅಂದ್ರು ಟೀಚರ್' ಅಂತ ನಕ್ಕಳು. ಆ ನಗು ನೋಡಿ ನನಗೆ ಸುಮ್ಮನಿರೋಕೆ ಆಗಲಿಲ್ಲ."

ಮನೆಯ ಕಾರಣಕ್ಕೆ ಎರಡು ಸಲ ಬಡ್ತಿ ಬೇಡವೆಂದು ಬರೆದುಕೊಟ್ಟ ಕೈ ವಿಲಾಸಿನಿಯದು.

ಸಂಜೆ ನಾಲ್ಕು ಇಪ್ಪತ್ತಕ್ಕೆ ಬಂಧನವಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ. ಬಂಧನದ ಕಾಗದಕ್ಕೆ ಸಹಿ ಹಾಕುವಾಗ ತ್ರೇಸ್ಯಾಮ್ಮ ತಮ್ಮ ಪೂರ್ತಿ ಹೆಸರನ್ನು ನಿಧಾನವಾಗಿ, ದುಂಡಗೆ ಬರೆದರು.

ಬೆರಳಚ್ಚು ತಾಳೆಯಾಯಿತು. ಠಾಣೆಯ ವರದಿ ತಲುಪಿದ ಮೇಲೆ, ಹತ್ತೊಂಬತ್ತರಂದು ಬಿನ್ಸಿಯ ಮೇಲಿನ ನಿಷೇಧ ತೆರವಾಯಿತು. ಇಪ್ಪತ್ತೆಂಟಕ್ಕೆ ಪರೀಕ್ಷೆಗೆ ಜಾಗವೂ ಸಿಕ್ಕಿತು. ಸುದ್ದಿ ಕೇಳಿ ಅವಳು ಬೆಂಚಿನ ಮೇಲೆ ಕುಸಿದು, ಆಗ ಮೊದಲ ಸಲ ಅತ್ತಳು. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು, "ಮೇಡಂ, ಇನ್ನು ಒಂಬತ್ತೇ ದಿನ. ಬರವಣಿಗೆ ಯಾರ ಹತ್ರ ಹೇಳಿಸಿಕೊಳ್ಳಲಿ?" ಎಂದಳು.

"ದೂರುದಾರಳು ಆರೋಪಿ ಮನೆಗೆ ಹೋಗೋ ಹಾಗಿಲ್ಲ," ಎಂದರು ವಿಲಾಸಿನಿ. "ನನಗಂತೂ ಇಂಗ್ಲಿಷ್ ಬರಲ್ಲ."

"ನನ್ನ ನಾದಿನೀರು ಮೂರು ಜನ ಇದ್ದಾರಲ್ಲ," ಎಂದಳು ಜೈನಮ್ಮ. "ಅವರು ಹೇಳಿಕೊಟ್ರೆ ಆ ಆಸ್ಪತ್ರೆಯೋರೇ ಹೆದರ್ತಾರೆ!"

ಜುಲೈ ನಾಲ್ಕಕ್ಕೆ ಬಿನ್ಸಿಯ ಅಂಕ ಬಂತು. ಬೇಕಿದ್ದಷ್ಟೇ, ಒಂದು ಚೂರೂ ಹೆಚ್ಚಿಲ್ಲ.

ಅಂದು ಸಂಜೆ ವಿಲಾಸಿನಿ ಕೇಸ್ ಡೈರಿ ಮುಗಿಸಿದರು. ಆರೋಪಿ ಯಾರಿಂದಲೂ ಹಣ ಪಡೆದಿಲ್ಲ ಎಂದು ಬರೆದು, ಉದ್ದೇಶವೇನೆಂದು ಬರೆಯಬೇಕಾದಲ್ಲಿ ತುಸು ತಡೆದರು. ಆಮೇಲೆ ತ್ರೇಸ್ಯಾಮ್ಮರ ಮಾತನ್ನು ಇದ್ದಂತೆಯೇ ದಾಖಲಿಸಿದರು: ಮುಂದಿನ ವರ್ಷ ನೋಡೋಣ ಅಂದ್ರು, ಅಷ್ಟೇ.